ಮೂವತ್ತೆಂಟನೆಯ ಪಾಠದಿಂದ ಹಿಂದಕ್ಕೆ

ಕೈಮರದಲ್ಲಿ ಕಲಿಯುವವರಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಆ ನಿಯಮ ಮಾಡಿದವಳು ನೀಲಾಂಬಿಕಾ ಹಂಚಿನಾಳ. ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡಿದ್ದ ಅವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಹೊಸಬರು ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಓಡುವುದು ಅದು ಕಷ್ಟವೆಂದಲ್ಲ, ತಮ್ಮ ತಪ್ಪನ್ನು ನಾಲ್ಕು ಜನ ನೋಡುತ್ತಾರೆಂದು. ಅದಕ್ಕೇ ಅವಳು ಕೆಲಸ ಬಿಟ್ಟು, ಧಾರವಾಡದ ಸಪ್ತಾಪುರದಲ್ಲಿ ಒಂದು ಮಹಡಿ ಹಿಡಿದು, ಆರು ಜನರ ತಂಡ ಕಟ್ಟಿಕೊಂಡು ಕೈಮರ ಎಂಬ ತಂತ್ರಾಂಶವನ್ನು ಮಾಡಿದ್ದಳು. ಕನ್ನಡ ಓದಲು ಬರುವ ಯಾರೇ ಆಗಲಿ, ಅದರ ಮುಂದೆ ಕುಳಿತು ಪ್ರೋಗ್ರಾಂ ಬರೆಯುವುದನ್ನು ಮೊದಲ ಅಕ್ಷರದಿಂದ ಕಲಿಯಬಹುದಿತ್ತು.

ಕೈಮರ ಎಂದೂ ಉತ್ತರ ಹೇಳುತ್ತಿರಲಿಲ್ಲ. ಕಲಿಯುವವರ ಬೆರಳು ಎಲ್ಲಿ ತಡೆಯಿತು, ಏನು ಬರೆದು ಅಳಿಸಿದರು, ಅಳಿಸಿದ ಮೇಲೆ ಎಷ್ಟು ಹೊತ್ತು ಸುಮ್ಮನೆ ಕುಳಿತರು ಎಂಬುದನ್ನೆಲ್ಲ ಗಮನಿಸಿ ಒಬ್ಬೊಬ್ಬರಿಗೂ ಒಂದೊಂದು ನಕ್ಷೆ ಬಿಡಿಸುತ್ತಿತ್ತು. ನಕ್ಷೆಯ ಒಂದೊಂದು ಚುಕ್ಕೆಯೂ ಒಂದೊಂದು ವಿಷಯ. ಚೆನ್ನಾಗಿ ಗೊತ್ತಿದ್ದರೆ ಚುಕ್ಕೆ ದಟ್ಟ ಹಸಿರು, ಅರ್ಧಂಬರ್ಧ ಗೊತ್ತಿದ್ದರೆ ತಿಳಿ ಹಸಿರು, ಗೊತ್ತಿಲ್ಲದಿದ್ದರೆ ಖಾಲಿ. ಯಾರಾದರೂ ಎಡವಿದರೆ ಬುನಾದಿ ಎಲ್ಲಿ ಸಡಿಲವಾಗಿದೆಯೋ ಆ ಹಳೆಯ ಪಾಠಕ್ಕೆ ಅದು ಮೆಲ್ಲಗೆ ಕರೆದುಕೊಂಡು ಹೋಗುತ್ತಿತ್ತು, ಗಟ್ಟಿಯಾದ ಮೇಲೆ ಮುಂದಕ್ಕೆ ಕರೆತರುತ್ತಿತ್ತು. ಎಂಬತ್ತು ಸಾವಿರ ಜನ ಹೀಗೆ ಕಲಿಯುತ್ತಿದ್ದರು. ಅವರ ಹೆಸರುಗಳಿಗೆ ಬೀಗ ಹಾಕಿತ್ತು. ಬೀಗದ ಕೈ ನೀಲಾಳ ಹತ್ತಿರವೂ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಫರ್ಜಾನಾ ಮುಲ್ಲಾ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನೀಲಾಳ ಮೇಜಿನ ಮೇಲಿಟ್ಟಳು. ನಕ್ಷೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

“ಮೇಡಂ, ಇಲ್ಲೊಂದು ದೋಷ ಐತ್ರಿ. ಕೈಮರ ಒಬ್ಬರನ್ನ ಹಿಂದಕ್ಕ ಕಳಸಾಕತ್ತೈತಿ.”

“ಎಡವಿದವರನ್ನ ಹಿಂದಕ್ಕ ಕರಕೊಂಡು ಹೋಗೂದು ಅದರ ಕೆಲಸ ಅಲ್ಲೇನವಾ.”

“ಎರಡು ಪಾಠ ಹಿಂದಕ್ಕ ಹೋದ್ರ ಖರೆ ರೀ. ಇವರು ಮೂವತ್ತೆಂಟನೇ ಪಾಠದಾಗಿದ್ದವರು ಇಪ್ಪತ್ತಾರಕ್ಕ ಬಂದಾರ. ಬಿಟ್ಟು ಬಿಟ್ಟು ಕಲಿಯೋರೂ ಅಲ್ಲ. ದಿನಾ ಮಧ್ಯಾಹ್ನ ಎರಡಕ್ಕ ಕುಂತ್ರ ನಾಕಕ್ಕ ಏಳ್ತಾರ. ಒಂದು ದಿನಾನೂ ತಪ್ಪಿಸಿಲ್ಲ.”

ಕಲಿಯುವವರ ಸಂಖ್ಯೆ 41907. ಹಿಂದಿನ ವರ್ಷದ ಜೂನ್‌ನಲ್ಲಿ ಸೇರಿ, ಏಳು ತಿಂಗಳು ಒಂದೇ ಸಮ ಹತ್ತಿ ಬಂದಿದ್ದರು. ಜನವರಿಯಿಂದ ನಕ್ಷೆಯ ಹಸಿರು ಅಂಚಿನಿಂದ ಒಳಗೆ ಮಾಸುತ್ತ ಬಂದಿತ್ತು. ಕೊನೆಗೆ ಕಲಿತದ್ದು ಮೊದಲು ಹೋಗಿತ್ತು.

ಯಂತ್ರದ್ದೇ ತಪ್ಪು ಇರಬೇಕೆಂದು ನೀಲಾ ಎರಡು ವಾರ ಕೈಮರದ ಒಳಗನ್ನೆಲ್ಲ ಜಾಲಾಡಿದಳು. ತಪ್ಪು ಸಿಗಲಿಲ್ಲ. ಆಮೇಲೆ ಇಬ್ಬರೂ ಕುಳಿತು ಆ ವ್ಯಕ್ತಿ ಪಾಠಗಳಿಗೆ ಕೊಟ್ಟ ಉತ್ತರಗಳನ್ನು, ಬರೆದ ವೇಗದಲ್ಲೇ ಪರದೆಯ ಮೇಲೆ ಓಡಿಸಿ ನೋಡಿದರು. ಒಂದು ಸಾಲು ಸರಿಯಾಗಿ ಮೂಡುತ್ತಿತ್ತು. ನಲವತ್ತು ಸೆಕೆಂಡು ಏನೂ ಇಲ್ಲ. ಸರಿಯಿದ್ದ ಸಾಲು ಅಳಿಸಿ ಹೋಗುತ್ತಿತ್ತು. ಮತ್ತೆ ಅದೇ ಸಾಲು, ಮತ್ತೆ ಅಳಿಸುವುದು. ಮೂರನೆಯ ಸಲಕ್ಕೆ ಬೇರೇನೋ ಬರೆದಿರುತ್ತಿದ್ದರು, ಅದು ತಪ್ಪಾಗಿರುತ್ತಿತ್ತು.

“ದಡ್ಡರಲ್ಲ ರೀ ಇವರು,” ಅಂದಳು ಫರ್ಜಾನಾ. “ತಾವು ಬರದದ್ದು ತಮಗ ಖಾತ್ರಿ ಇಲ್ಲ.”

ನೀಲಾ ಆ ನಕ್ಷೆಗಳನ್ನು ನರರೋಗ ತಜ್ಞ ಪ್ರಹ್ಲಾದ ಕಟ್ಟಿಯವರ ಬಳಿ ತೆಗೆದುಕೊಂಡು ಹೋದಳು. ಡಾಕ್ಟರು ಹತ್ತು ತಿಂಗಳ ನಕ್ಷೆಗಳನ್ನು ಒಂದಾದ ಮೇಲೊಂದರಂತೆ ಎರಡು ಸಲ ನೋಡಿ ಕನ್ನಡಕ ತೆಗೆದಿಟ್ಟರು.

“ಮನುಷ್ಯಾನ್ನ ನೋಡದ ರೋಗ ಹೇಳಬಾರದು. ಆದರ ಇದು ಮರೆವಿನ ಕಾಯಿಲೆ ಶುರುವಾಧಾಂಗ ಕಾಣಸ್ತದ. ನಮ್ಮ ಪರೀಕ್ಷೆದಾಗ ಇಷ್ಟು ಲಗೂ ಗೊತ್ತಾಗೂದು ಅಪರೂಪ. ಹೊಸಾದು ಕಲಿಯೋ ಜಾಗಾನ ಮೊದಲು ಕೆಡ್ತದ ನೋಡ್ರಿ, ನೀವು ಅದನ್ನ ದಿನಾ ಅಳತಿ ಮಾಡಲಿಕ್ಕತ್ತೀರಿ.”

“ವಾಸಿ ಆಗ್ತದೇನ್ರಿ?”

“ಇಲ್ಲ. ಸ್ವಲ್ಪ ನಿಧಾನ ಮಾಡಬಹುದು. ಅದಕ್ಕ ಅವರಿಗೆ ಲಗೂ ತಿಳಿಸೂದು ಚೊಲೋ.”

ತಿಳಿಸುವುದು ಹೇಗೆ? ಹೆಸರಿನ ಬೀಗ ತೆಗೆದರೆ ಎಂಬತ್ತು ಸಾವಿರ ಜನಕ್ಕೆ ಕೊಟ್ಟ ಮಾತು ಮುರಿದಂತೆ. ಸಂಸ್ಥೆಯ ಸಮಿತಿ ಮೂರು ಸಲ ಸೇರಿ ಚರ್ಚಿಸಿತು. ಕೊನೆಗೆ ಹೆಸರು ತಿಳಿಯುವುದು ಬೇಡ, ಒಂದು ಕಾಗದ ಬರೆದು ಆ ವ್ಯಕ್ತಿಯ ಪರದೆಯ ಮೇಲೆ ಮಾತ್ರ ಕಾಣಿಸುವುದು ಎಂದಾಯಿತು. ಬರೆಯುವ ಹೊಣೆ ನೀಲಾಳ ಮೇಲೆ ಬಿತ್ತು.

*

ಮನೆಯಲ್ಲಿ ನೀಲಾ ಮತ್ತು ಅವಳ ಗಂಡ ಚನ್ನವೀರ, ಇಬ್ಬರೇ. ಚನ್ನವೀರನಿಗೆ ಐವತ್ತನಾಲ್ಕು ವರ್ಷ. ಮಾಳಮಡ್ಡಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದ. ಮಾತು ಕಡಿಮೆ. ಬೆಳಗಿನ ನಾಷ್ಟಾ ಮಾಡುವುದು ಅವನೇ, ನೀಲಾ ಚಹಾ ಮಾಡುತ್ತಿದ್ದಳು.

ಆ ಚಳಿಗಾಲದಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದದ್ದುಂಟು. ಒಮ್ಮೆ ಸ್ಕೂಟರ್ ಅಂಗಡಿಯ ಮುಂದೆಯೇ ಬಿಟ್ಟು ನಡೆದುಕೊಂಡು ಮನೆಗೆ ಬಂದಿದ್ದ. ನೀಲಾ ನಕ್ಕು ಬಿಟ್ಟಿದ್ದಳು. ಕಚೇರಿಯ ಕೆಲಸ ಅವಳ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಇನ್ನೊಮ್ಮೆ ಊಟ ಮಾಡುತ್ತ ಅವನು ಕೇಳಿದ್ದ:

“ನಿಮ್ಮ ಕೈಮರ ಯಾಕ ಉತ್ತರ ಹೇಳಂಗಿಲ್ಲ?”

“ಹೇಳಿಬಿಟ್ರ ಕಲಿಯೂದು ನಿಂತುಹೋಗ್ತೈತ್ರಿ.”

“ಹೊತ್ತು ಕಡಿಮಿ ಇದ್ದವರು ಏನು ಮಾಡಬೇಕು?”

“ಅಂಥವರು ಎಲ್ಲೆರೆ ಟ್ಯೂಷನ್ ಹಚ್ಚಬೇಕು,” ಎಂದು ಅವಳು ಫೋನಿನಲ್ಲಿ ಬಂದ ಸಂದೇಶ ಓದತೊಡಗಿದ್ದಳು.

ಕಾಗದವನ್ನು ಅವಳು ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕುಳಿತು ಬರೆದಳು. ಬರೆದು ಹರಿದು, ಬರೆದು ಹರಿದು, ಕೊನೆಗೆ ಒಂದು ರೂಪಕ್ಕೆ ಬಂದಾಗ ಚನ್ನವೀರ ಎದುರಿಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ.

“ರೀ, ನಿಮ್ಮ ಅಂಗಡಿಗೆ ದಿನಾ ಜಡ್ಡಾದವರು ಬರ್ತಾರ. ಕೆಟ್ಟ ಸುದ್ದಿ ಹೆಂಗ ಹೇಳಬೇಕು ಅಂತ ನಿಮಗ ಗೊತ್ತಿರ್ತೈತಿ. ಒಂದೀಟು ಕೇಳ್ರಿ ಇದನ್ನ.”

ಅವಳು ಓದಿದಳು. “ನಮಸ್ಕಾರ. ನೀವು ಯಾರೆಂದು ನಮಗೆ ಗೊತ್ತಿಲ್ಲ. ಏಳು ತಿಂಗಳು ದಿನವೂ ಮಧ್ಯಾಹ್ನ ಕುಳಿತು ಮೂವತ್ತೆಂಟನೆಯ ಪಾಠದವರೆಗೆ ಬಂದಿರಿ. ಅಷ್ಟು ದೂರ ಬರುವವರು ನೂರಕ್ಕೆ ಹತ್ತು ಜನ. ಜನವರಿಯಿಂದ ನಿಮಗೆ ಗೊತ್ತಿದ್ದ ಪಾಠಗಳೇ ಕೈಬಿಟ್ಟು ಹೋಗುತ್ತಿರುವುದು ನಮಗೆ ಕಾಣುತ್ತಿದೆ. ಇದು ನಿಮ್ಮ ತಪ್ಪಲ್ಲ. ಹೆದರಬೇಡಿ. ದಯವಿಟ್ಟು ಒಬ್ಬ ನರರೋಗ ವೈದ್ಯರನ್ನು ಕಾಣಿರಿ.”

ಚನ್ನವೀರ ಸುಲಿಯುತ್ತಿದ್ದ ಕೈ ನಿಲ್ಲಿಸಿದ್ದ.

“ಚೊಲೋ ಬರದೀ,” ಅಂದ. “‘ಹೆದರಬೇಡಿ’ ಅನ್ನೂದು ತೆಗಿ. ಹೆದರಿಕಿ ಆಗೇ ಆಗ್ತೈತಿ. ಹೆದರಬ್ಯಾಡ ಅಂದ್ರ, ಹೆದರಿದ್ದೂ ತಪ್ಪು ಅಂದಂಗ ಆಗ್ತೈತಿ.”

ನೀಲಾ ಆ ಪದವನ್ನು ಹೊಡೆದು ಹಾಕಿದಳು. ಅವನು ಎದ್ದು ಹಿತ್ತಲಿಗೆ ಹೋದ. ಅರ್ಧ ಸುಲಿದ ಬೆಳ್ಳುಳ್ಳಿ ಹಾಗೇ ಇತ್ತು. ಉಳಿದದ್ದನ್ನು ಅವಳೇ ಸುಲಿದಳು.

*

ಕಾಗದ ಸೋಮವಾರ ಹೋಯಿತು. ಗುರುವಾರ ಮಧ್ಯಾಹ್ನ ಮೂರೂವರೆಗೆ 41907ರಿಂದ ಉತ್ತರ ಬಂತು. ಫರ್ಜಾನಾ ತೆರೆಯಲಿಲ್ಲ, ಬರೆದವರೇ ಓದಲಿ ಎಂದು ನೀಲಾಳಿಗೆ ಕಳಿಸಿದಳು.

“ಕಾಗದ ತಲುಪಿತು. ಅದನ್ನು ಬರೆದವಳು ಭಾನುವಾರ ನನ್ನ ಎದುರಿಗೇ ಓದಿದಳು. ಆಗ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀಲಾ, ನನಗೆ ಹೋದ ವರ್ಷವೇ ಗುಮಾನಿ ಬಂದಿತ್ತು. ಒಬ್ಬರಿಗೆ ಕೊಡುವ ಮಾತ್ರೆ ಇನ್ನೊಬ್ಬರಿಗೆ ಕೊಡಲು ಹೋಗಿದ್ದೆ, ಚೀಲ ಕಟ್ಟುವಾಗ ಕಣ್ಣಿಗೆ ಬಿತ್ತು. ಅಂದಿನಿಂದ ಔಷಧಿಗೆ ನಾನು ಕೈ ಹಚ್ಚಿಲ್ಲ. ಡಿ. ಫಾರ್ಮಾ ಓದಿದ ಮಂಜುಳಾ ಅಂತ ಹುಡುಗಿ ಇಟ್ಟುಕೊಂಡಿದ್ದೇನೆ, ಅವಳೇ ಕೊಡುತ್ತಾಳೆ, ನಾನು ಬರೀ ಕುಳಿತಿರುತ್ತೇನೆ. ನಿನಗೆ ವ್ಯಾಪಾರ ಜಾಸ್ತಿ ಆಯಿತು ಅಂತ ಸುಳ್ಳು ಹೇಳಿದ್ದೆ. ಬೆಳಗಾವಿಯ ಡಾಕ್ಟರಿಗೂ ತೋರಿಸಿದ್ದೇನೆ. ಮರೆವಿನ ಕಾಯಿಲೆಯ ಶುರು ಅಂತ ಅವರು ಹೇಳಿದರು.

ಕೈಮರಕ್ಕೆ ಬಂದದ್ದು ಒಂದು ಕೆಲಸಕ್ಕಾಗಿ. ಅಂಗಡಿಗೆ ಬರುವವರ ವಿಷಯ ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲ, ನನ್ನ ತಲೆಯಲ್ಲಿದೆ. ಅದನ್ನು ಮಂಜುಳಾಗೆ ಹೇಳುವ ಪ್ರೋಗ್ರಾಂ ಒಂದು ಬರೆಯಬೇಕು ಅಂತ ಹೊರಟೆ. ಅರ್ಧ ಬರೆದಿದ್ದೇನೆ. ದಿನಾ ನಿಮ್ಮ ಕೈಮರ ನನ್ನನ್ನು ಹಿಂದಿನ ಪಾಠಕ್ಕೆ ಕಳಿಸುತ್ತದೆ. ಬೈಯುವುದಿಲ್ಲ, ಅದು ಅದರ ಒಳ್ಳೆಯತನ. ಆದರೆ ಹಿಂದಕ್ಕೆ ಹೋಗಲು ನನಗೆ ವೇಳೆ ಇಲ್ಲ. ಇನ್ನು ಮೇಲೆ ನನ್ನನ್ನು ಹಿಂದಕ್ಕೆ ಕಳಿಸಬೇಡ ಅಂತ ಅದಕ್ಕೆ ಹೇಳು.”

ನೀಲಾ ಅದನ್ನು ಪೂರ್ತಿ ಓದಿ, ಮತ್ತೆ ಮೊದಲಿನಿಂದ ಓದಿದಳು. ಫರ್ಜಾನಾ ಬಾಗಿಲಲ್ಲಿ ಬಂದು ನಿಂತು ಏನಾಯಿತೆಂದು ಕೇಳಿದಳು. ನೀಲಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಎರಡು ತಿಂಗಳು ಆ ನಕ್ಷೆಯ ಒಂದೊಂದು ಚುಕ್ಕೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಳು. ಯಾವ ದಿನ ಯಾವುದು ಮಾಸಿತೆಂದು ಬಾಯಿಪಾಠವಾಗಿತ್ತು. ಆ ದಿನಗಳಲ್ಲೆಲ್ಲ ಆ ಮನುಷ್ಯ ಅವಳ ಪಕ್ಕದಲ್ಲೇ ಕುಳಿತು ಊಟ ಮಾಡಿದ್ದ.

*

ಅವಳು ಅಂಗಡಿಗೆ ಹೋದಾಗ ಇನ್ನೂ ನಾಲ್ಕಾಗಿರಲಿಲ್ಲ, ಮಧ್ಯಾಹ್ನದ ಬಿಡುವಿಗೆ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಳು. ಚನ್ನವೀರ ಕಂಪ್ಯೂಟರ್ ಮುಂದೆ ಕೈಕಟ್ಟಿ ಕುಳಿತಿದ್ದ. ಅವಳು ಬರುತ್ತಾಳೆಂದು ಅವನಿಗೆ ಗೊತ್ತಿದ್ದಂತಿತ್ತು. ಸ್ಟೂಲು ಎಳೆದು ಕೊಟ್ಟ.

“ನನಗ್ಯಾಕ ಹೇಳಲಿಲ್ರಿ?”

“ಹೇಳಿದ್ರ ನೀ ಎಲ್ಲಾ ಬಿಟ್ಟು ನನ್ನ ನೋಡ್ಕೋತ ಕುಂದರ್ತಿದ್ದಿ.”

“ನೋಡ್ಕೋತ ಕುಂತಿದ್ನಲ್ಲ. ಬರೇ ನಂಬರ್ ನೋಡ್ಕೋತ ಕುಂತಿದ್ದೆ.” ಅವಳ ದನಿ ಒಡೆಯಿತು. “ನೀವು ಎಡವಿದಾಗೆಲ್ಲ ನನಗ ಕಾಣತಿತ್ತು. ನೀವು ಅಂತ ಒಂದ ಗೊತ್ತಿರಲಿಲ್ಲ.”

ಚನ್ನವೀರ ಅವಳ ಅಳು ಇಳಿಯುವವರೆಗೆ ಕಾದು, ಪರದೆಯನ್ನು ತೋರಿಸಿದ. “ನೋಡಿಲ್ಲಿ. ನೂರಾ ಹತ್ತು ಜನರದು ಮುಗದೈತಿ.”

ನೀಲಾ ಕಣ್ಣೊರೆಸಿಕೊಂಡು ಓದಿದಳು. ಗ್ರಾಹಕರ ಹೆಸರು ಹಾಕಿದರೆ ಅವರ ಬಗ್ಗೆ ಒಂದೆರಡು ಸಾಲು ಬರುತ್ತಿತ್ತು. ‘ಗಂಗವ್ವ ಬಾರ್ಕೇರ: ಓದಲು ಬರುವುದಿಲ್ಲ. ಬೆಳಗಿನ ಗುಳಿಗೆಗೆ ಸೂರ್ಯ, ಸಂಜೆಯದಕ್ಕೆ ಚಂದ್ರ ಬರೆದು ಕೊಡು.’ ‘ಇಮಾಮ್‌ಸಾಬ್ ನದಾಫ್: ಸಲ್ಫಾ ಮಾತ್ರೆ ಕೊಡಬೇಡ, ಮೈಯೆಲ್ಲ ಏಳುತ್ತದೆ. ತಾವಾಗಿ ಹೇಳುವುದಿಲ್ಲ.’ ‘ಪದ್ಮಾವತಿ ಟೀಚರ್: ಸಕ್ಕರೆ ಕಾಯಿಲೆ ಇದೆ ಅಂತ ಮನೆಯವರಿಗೆ ಹೇಳಿಲ್ಲ. ಜೊತೆಗೆ ಯಾರಾದರೂ ಇದ್ದರೆ ಮಾತ್ರೆಯ ಹೆಸರು ಜೋರಾಗಿ ಓದಬೇಡ.’

ಪ್ರೋಗ್ರಾಂ ಒಡ್ಡೊಡ್ಡಾಗಿತ್ತು. ಹೊಸಬರು ಬರೆದಂತೆಯೇ, ಐದು ಸಾಲಿನಲ್ಲಿ ಮುಗಿಯುವುದು ಐವತ್ತು ಸಾಲಿಗೆ ಹೋಗಿತ್ತು. ಅವಳು ಅರ್ಧ ದಿನದಲ್ಲಿ ಅದನ್ನು ಮುಗಿಸಿ ಕೊಡಬಲ್ಲವಳಾಗಿದ್ದಳು.

“ಉಳಿದದ್ದು ನಾ ಬರೀಲೇನ್ರಿ?”

“ಬ್ಯಾಡ,” ಅಂದ ಅವನು. “ಇದೊಂದು ನನ್ನ ಕೈಲೆ ಆಗಲಿ.”

ಮರುದಿನ ಅವಳು ಕೈಮರದಲ್ಲಿ ಹೊಸದೊಂದು ದಾರಿ ಮಾಡಿದಳು. ನಕ್ಷೆ ಮಾಸುತ್ತಿರುವವರನ್ನು ಹಳೆಯ ಪಾಠಕ್ಕೆ ಕಳಿಸುವುದಿಲ್ಲ. ನಿಂತಲ್ಲೇ ನಿಲ್ಲಿಸಿ, ಇದೇ ಕೆಲಸವನ್ನು ಅವರು ಹಿಂದೆ ಮಾಡಿದ್ದಾಗ ತಮ್ಮ ಕೈಯಿಂದಲೇ ಬರೆದ ಸಾಲನ್ನು ಪಕ್ಕದಲ್ಲಿ ತೋರಿಸುತ್ತದೆ. ಕಲಿಸುವ ಯಂತ್ರ ಉತ್ತರ ಹೇಳಬಾರದೆಂಬ ತನ್ನ ನಿಯಮವನ್ನು ಅವಳು ಅಲ್ಲಿಗೆ ಬಿಟ್ಟುಕೊಟ್ಟಳು. ಅದನ್ನು ಸಮಿತಿಗೆ ವಿವರಿಸುವಾಗ ಎಂಬತ್ತು ಸಾವಿರ ಜನರಲ್ಲಿ ಇನ್ನೂ ಹನ್ನೊಂದು ನಕ್ಷೆಗಳು ಹಾಗೇ ಮಾಸುತ್ತಿವೆ ಎಂದು ಫರ್ಜಾನಾ ಪಟ್ಟಿ ತಂದಿದ್ದಳು. ಅವರಿಗೂ ಕಾಗದ ಹೋಯಿತು. ನಾಲ್ವರು ಉತ್ತರ ಬರೆದರು. ಉಳಿದವರು ಮತ್ತೆ ಕೈಮರಕ್ಕೆ ಬರಲೇ ಇಲ್ಲ.

ಆ ಮೇಲಿನ ಐದು ತಿಂಗಳು ನೀಲಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತಳು. ಕೀಲಿಮಣೆ ಮುಟ್ಟಲಿಲ್ಲ. ಚನ್ನವೀರ ಕೆಲವು ದಿನ ಎಂಟು ಹತ್ತು ಜನರ ವಿಷಯ ಬರೆಯುತ್ತಿದ್ದ. ಕೆಲವು ದಿನ ಒಂದೇ ಹೆಸರಿನ ಮುಂದೆ ಎರಡು ತಾಸು ಕಳೆಯುತ್ತಿತ್ತು. ಅವನಿಗೆ ಸಿಟ್ಟು ಬರುವುದೂ ಶುರುವಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗದರದವನು ಒಂದು ದಿನ, “ಹಿಂದ ಕುಂತು ನೋಡಬ್ಯಾಡ, ಎದ್ದು ಹೋಗು,” ಅಂದ. ಅವಳು ಹೊರಗಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕುಳಿತಳು. ಹತ್ತು ನಿಮಿಷದ ಮೇಲೆ ಅವನೇ ಬಂದು, “ಇಲ್ಯಾಕ ಕುಂತಿ? ಒಳಗ ಬಾ,” ಎಂದು ಕರೆದ. ಏನಾಯಿತೆಂದು ಅವನಿಗೆ ನೆನಪಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮುನ್ನೂರ ಆರು ಜನರ ವಿಷಯ ಮುಗಿಯಿತು. ಅಂದು ಮಂಜುಳಾ ಪೇಢೆ ತಂದಿದ್ದಳು. ಪ್ರೋಗ್ರಾಂ ಓಡಿಸಿ, ಒಂದೊಂದು ಹೆಸರು ಹಾಕಿ ನೋಡಿ, “ಎಲ್ಲಾ ಬರ್ತದ್ರಿ ಸರ್, ಒಂದೂ ತಪ್ಪಿಲ್ಲ,” ಅಂದಳು. ಚನ್ನವೀರ ಮುಂದಕ್ಕೆ ಬಾಗಿ, ಬರೆದ ಸಾಲುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಓದಿದ.

“ಇದನ್ನ ಯಾರು ಬರದಾರ?”

ಮಂಜುಳಾ ನೀಲಾಳ ಮುಖ ನೋಡಿದಳು.

“ನೀವ ಬರದೀರಿ,” ಅಂದಳು ನೀಲಾ.

“ನಾನಲ್ಲ. ನನಗ ಇದೆಲ್ಲಾ ಎಲ್ಲಿ ಬರಬೇಕು.” ಅವನು ಮತ್ತೆ ಓದಿದ. “ಯಾರ ಬರೀಲಿ, ಮನಸ್ಸಿಟ್ಟು ಬರದಾರ.”

ಅವನಿಗೆ ಪೇಢೆ ಕೊಟ್ಟರು. ತಿಂದು, ಕೈ ಒರೆಸಿಕೊಂಡು, ಮನೆಗೆ ಹೋಗೋಣವೇ ಎಂದು ಕೇಳಿದ. ಆ ದಿನದಿಂದ ಅವನು ಕಂಪ್ಯೂಟರ್ ಮುಂದೆ ಕೂರಲಿಲ್ಲ. ಕೈಮರದಲ್ಲಿ 41907ರ ನಕ್ಷೆ ಆ ವರ್ಷದ ಕೊನೆಯವರೆಗೂ ತೆರೆದೇ ಇತ್ತು. ಅದನ್ನು ಮುಚ್ಚಿದವಳು ಫರ್ಜಾನಾ, ನೀಲಾ ಊರಲ್ಲಿಲ್ಲದ ಒಂದು ದಿನ.

*

ಮುಂದಿನ ವರ್ಷದ ಹೊತ್ತಿಗೆ ಚನ್ನವೀರನಿಗೆ ನೀಲಾಳ ಹೆಸರು ಕೆಲವೊಮ್ಮೆ ಮಾತ್ರ ಸಿಗುತ್ತಿತ್ತು. ಅಂಗಡಿಯನ್ನು ಮಂಜುಳಾಳೇ ನೋಡಿಕೊಂಡಿದ್ದಳು. ಅವನ ಮಾತ್ರೆಗಳನ್ನು ನೀಲಾಳ ತಮ್ಮ ತಂದುಕೊಡುತ್ತಿದ್ದ, ಹುಬ್ಬಳ್ಳಿಯ ದೊಡ್ಡ ಅಂಗಡಿಯಿಂದ. ಮಾಳಮಡ್ಡಿಯ ಆ ಅಂಗಡಿಗೆ ಕಾಲಿಡಲು ನೀಲಾಳಿಗೆ ಆಗುತ್ತಿರಲಿಲ್ಲ.

ಒಂದು ಶನಿವಾರ ಮಾತ್ರೆ ಮುಗಿದಿತ್ತು, ತಮ್ಮ ಊರಿಗೆ ಹೋಗಿದ್ದ. ನಾದಿನಿಯನ್ನು ಮನೆಯಲ್ಲಿ ಚನ್ನವೀರನ ಹತ್ತಿರ ಕೂರಿಸಿ ನೀಲಾ ಅಂಗಡಿಗೆ ಹೋದಳು. ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಗಿರಾಕಿಗಳು ಇರಲಿಲ್ಲ. ಮಂಜುಳಾ ಚೀಟಿ ತೆಗೆದುಕೊಂಡು, ರೂಢಿಯಂತೆ ಹೆಸರು ಹಾಕಿ, ಪರದೆಯ ಹತ್ತಿರ ಬಾಗಿ ಎರಡು ಸಲ ಓದಿದಳು.

“ಏನವಾ, ಮಾತ್ರೆ ಇಲ್ಲೇನು?”

“ಅದಾವ್ರಿ ಅಕ್ಕಾರ.” ಅವಳು ಪರದೆಯನ್ನು ನೀಲಾಳ ಕಡೆ ತಿರುಗಿಸಿದಳು. “ಸರ್ ತಮ್ಮ ಹೆಸರೂ ಬರದಾರ. ನಾ ಯಾವತ್ತೂ ಹಾಕಿ ನೋಡಿದ್ದಿಲ್ಲ.”

‘ಚನ್ನವೀರ ಹಂಚಿನಾಳ: ಮಾತ್ರೆ ಇವರ ಕೈಯಲ್ಲಿ ಕೊಡಬೇಡ, ತಗೊಂಡದ್ದು ಮರೆತು ಮತ್ತೆ ತಗೋತಾರೆ. ಹೆಂಡತಿ ಬರುತ್ತಾಳೆ. ಅವಳನ್ನು ಹೊರಗೆ ನಿಲ್ಲಿಸಿ ಕಳಿಸಬೇಡ, ಒಳಗೆ ಕರೆದು ಕೂರಿಸು. ಮಧ್ಯಾಹ್ನವಾಗಿದ್ದರೆ ಅವಳು ಊಟ ಮಾಡಿರುವುದಿಲ್ಲ. ಕೇಳಿದರೆ ಆಗಿದೆ ಅನ್ನುತ್ತಾಳೆ. ನಂಬಬೇಡ.’

ಮಂಜುಳಾ ಕೌಂಟರಿನ ಹಲಗೆ ಎತ್ತಿ ಹಿಡಿದಳು.

“ಒಳಗ ಬರ್ರಿ ಅಕ್ಕಾರ. ಊಟ ಆಗೇತೇನ್ರಿ?”

“ಆಗೇತವಾ,” ಅಂದಳು ನೀಲಾ.

ಮಂಜುಳಾ ಸ್ಟೂಲು ಸರಿಸಿ ಕೊಟ್ಟು, ತನ್ನ ಡಬ್ಬಿ ಬಿಚ್ಚಿ, ರೊಟ್ಟಿ ಮತ್ತು ಬದನೆಕಾಯಿ ಪಲ್ಯವನ್ನು ಮುಚ್ಚಳದಲ್ಲಿ ಹಾಕಿ ಅವಳ ಮಡಿಲಲ್ಲಿಟ್ಟಳು. ನೀಲಾ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಮಂಜುಳಾ ನೀರಿನ ಲೋಟ ಹಿಡಿದು, ಬೇರೆ ಕಡೆ ನೋಡುತ್ತ, ಅವಳು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.